ಮಣ್ಣಿನ ಪದರಗಳಿಗೆ ಶಿಸ್ತು ತಂದ ವಿದ್ವಾಂಸ: ಸರ್ ಮಾರ್ಟಿಮರ್ ವೀಲರ್

ಭಾರತದ ಪುರಾತತ್ತ್ವ ಸಂಶೋಧನೆಯ ಇತಿಹಾಸದಲ್ಲಿ 1944ರಿಂದ 1948ರವರೆಗಿನ ನಾಲ್ಕು ವರ್ಷಗಳದ್ದು ಒಂದು ವಿಶಿಷ್ಟ ಅಧ್ಯಾಯ. ಆ ಅವಧಿಯಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವೀಲರ್ ಅವರು ಈ ದೇಶದಲ್ಲಿ ನೆಲವನ್ನು ಅಗೆಯುವ, ಅಗೆದುದನ್ನು ದಾಖಲಿಸುವ ಮತ್ತು ದಾಖಲಿಸಿದುದನ್ನು ತಡಮಾಡದೆ ಪ್ರಕಟಿಸುವ ಕ್ರಮಗಳನ್ನು ಹೊಸದಾಗಿ ರೂಪಿಸಿದರು. ಅವರು ಮಂಡಿಸಿದ ನಿರ್ಣಯಗಳಲ್ಲಿ ಹಲವು ಇಂದು ಉಳಿದಿಲ್ಲ. ಆದರೆ ಅವುಗಳನ್ನು ತಿದ್ದಿದ ವಿದ್ವಾಂಸರಲ್ಲಿ ಬಹುಮಂದಿ ಅವರು ಹಾಕಿಕೊಟ್ಟ ಕ್ರಮವನ್ನು ಅನುಸರಿಸಿಯೇ ಮುಂದುವರಿದರು ಎಂಬುದು ಗಮನಾರ್ಹ. ನಿರ್ಣಯ ಬಿದ್ದುಹೋದ ಮೇಲೂ ವಿಧಾನ ಉಳಿಯಿತು ಎಂಬ ಈ ಸಂಗತಿಯೇ ಇಂದಿನ ಭಾಷಣದ ಮುಖ್ಯ ವಿಷಯ. ಅದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಎಂಬುದರಿಂದ ಕನ್ನಡನಾಡಿನ ಶ್ರೋತೃಗಳಿಗೆ ಇದು ದೂರದ ಕಥೆಯಲ್ಲ.

ವೀಲರ್ ಅವರು 1890ರ ಸೆಪ್ಟೆಂಬರ್ 10ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜನಿಸಿದರು. ತಂದೆ ಪತ್ರಕರ್ತರಾಗಿದ್ದುದರಿಂದ ಅವರ ಬಾಲ್ಯದ ಬಹುಭಾಗ ಉತ್ತರ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಪರಿಸರದಲ್ಲಿ ಕಳೆಯಿತು. ಬಳಿಕ ಕುಟುಂಬ ಲಂಡನ್ನಿಗೆ ಬಂದಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಸಾಹಿತ್ಯಗಳನ್ನು ವ್ಯಾಸಂಗ ಮಾಡಿ 1912ರಲ್ಲಿ ಎಂ.ಎ. ಪದವಿ ಪಡೆದ ಅವರು ಮರುವರ್ಷ ಇಂಗ್ಲೆಂಡಿನ ಐತಿಹಾಸಿಕ ಸ್ಮಾರಕಗಳ ಸಮೀಕ್ಷೆಗಾಗಿ ನೇಮಕವಾಗಿದ್ದ ಆಯೋಗದಲ್ಲಿ ಕಿರಿಯ ಅಧಿಕಾರಿಯಾಗಿ ಸೇರಿದರು. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಬಂದಿತು. ಫಿರಂಗಿದಳದಲ್ಲಿ ಸೇವೆ ಸಲ್ಲಿಸಿದ ವೀಲರ್ ಅವರಿಗೆ 1918ರಲ್ಲಿ ಶೌರ್ಯಕ್ಕಾಗಿ ಮಿಲಿಟರಿ ಕ್ರಾಸ್ ಪದಕ ಲಭಿಸಿತು. ಯುದ್ಧಕ್ಕೆ ಮುನ್ನ ರಾಕ್ಸಿಟರ್ ಎಂಬ ರೋಮನ್ ನೆಲೆಯ ಉತ್ಖನನದಲ್ಲಿ ಜೊತೆಗೂಡಿ ದುಡಿದಿದ್ದ ಐವರು ವಿದ್ಯಾರ್ಥಿಗಳಲ್ಲಿ ಯುದ್ಧ ಮುಗಿದಾಗ ಬದುಕುಳಿದವರು ಅವರೊಬ್ಬರೇ. ಒಂದು ಇಡೀ ತಲೆಮಾರಿನ ತರುಣ ವಿದ್ವಾಂಸರು ಅಳಿದುಹೋಗಿದ್ದ ಸ್ಥಿತಿಯಲ್ಲಿ ಹೊಸಬರನ್ನು ತರಬೇತುಗೊಳಿಸುವುದು ತನ್ನ ಹೊಣೆಯೆಂದು ಅವರು ಭಾವಿಸಿದರು. ಮುಂದೆ ಅವರು ಕೈಗೊಂಡ ಉತ್ಖನನಗಳು ಪಾಠಶಾಲೆಗಳಾಗಿ ನಡೆದುದಕ್ಕೆ ಈ ಹೊಣೆಗಾರಿಕೆಯೇ ಮೂಲ.

1920ರಲ್ಲಿ ವೇಲ್ಸ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಪುರಾತತ್ತ್ವ ವಿಭಾಗವನ್ನು ವಹಿಸಿಕೊಂಡ ವೀಲರ್ ಅವರು 1924ರಲ್ಲಿ ಅದರ ನಿರ್ದೇಶಕರಾದರು. 1926ರಲ್ಲಿ ಲಂಡನ್ ವಸ್ತುಸಂಗ್ರಹಾಲಯಕ್ಕೆ ಬಂದರು. ಈ ವರ್ಷಗಳಲ್ಲಿ ಅವರು ನಡೆಸಿದ ಎಲ್ಲ ಪ್ರಮುಖ ಉತ್ಖನನಗಳಲ್ಲಿ ಪತ್ನಿ ಟೆಸ್ಸಾ ವೀಲರ್ ಸಮಭಾಗಿಯಾಗಿದ್ದರು. ಕ್ಷೇತ್ರದ ದಿನನಿತ್ಯದ ಮೇಲ್ವಿಚಾರಣೆ, ವಿದ್ಯಾರ್ಥಿಗಳ ಶಿಕ್ಷಣ, ದೊರೆತ ವಸ್ತುಗಳ ವರ್ಗೀಕರಣ ಇವುಗಳಲ್ಲಿ ಆಕೆಯ ಪಾಲು ಅತ್ಯಂತ ದೊಡ್ಡದು, ಮತ್ತು ವೀಲರ್ ವಿಧಾನವೆಂದು ಲೋಕ ಕರೆಯುವ ಕ್ರಮವು ಈ ದಂಪತಿಗಳಿಬ್ಬರ ಸಂಯುಕ್ತ ಸಾಧನೆಯೆಂದು ಹೇಳುವುದೇ ನ್ಯಾಯ. 1930ರಿಂದ ಅವರು ಸೇಂಟ್ ಆಲ್ಬನ್ಸ್ ಬಳಿಯ ವೆರುಲೇಮಿಯಂ ಎಂಬ ರೋಮನ್ ಪಟ್ಟಣವನ್ನು ಅಗೆದರು. ಅಲ್ಲಿ ಕೆಲಸ ಕಲಿತ ಕ್ಯಾಥ್ಲೀನ್ ಕೆನ್ಯನ್ ಮುಂದೆ ಪಶ್ಚಿಮ ಏಷ್ಯದ ಜೆರಿಕೋ ಉತ್ಖನನದಿಂದ ಜಗತ್ಪ್ರಸಿದ್ಧರಾದರು. ಪುರಾತತ್ತ್ವವನ್ನು ಶಾಸ್ತ್ರೀಯವಾಗಿ ಕಲಿಸುವ ಪ್ರತ್ಯೇಕ ಸಂಸ್ಥೆಯೊಂದು ಲಂಡನ್ನಿನಲ್ಲಿ ಸ್ಥಾಪನೆಯಾಗಬೇಕೆಂದು ದಂಪತಿಗಳು ವರ್ಷಗಟ್ಟಲೆ ಶ್ರಮಿಸಿದರು. 1937ರಲ್ಲಿ ಪುರಾತತ್ತ್ವ ಸಂಸ್ಥೆ ತನ್ನ ಕಟ್ಟಡದಲ್ಲಿ ಬಾಗಿಲು ತೆರೆಯಿತು. ಆದರೆ ಅದನ್ನು ನೋಡಲು ಟೆಸ್ಸಾ ಬದುಕಿರಲಿಲ್ಲ, ಆಕೆ 1936ರಲ್ಲಿಯೇ ತೀರಿಕೊಂಡಿದ್ದರು.

1934ರಿಂದ 1937ರವರೆಗೆ ಡಾರ್ಸೆಟ್ ಪ್ರಾಂತದ ಮೇಡನ್ ಕ್ಯಾಸಲ್ ಎಂಬ ಪ್ರಾಚೀನ ಗಿರಿದುರ್ಗದಲ್ಲಿ ನಡೆದ ಉತ್ಖನನ ಆ ಕಾಲದ ಬ್ರಿಟನ್ನಿನ ಅತಿ ದೊಡ್ಡ ಪುರಾತತ್ತ್ವ ಕಾರ್ಯಗಳಲ್ಲಿ ಒಂದು. ಸಾಮಾನ್ಯ ಜನರಿಗೆ ಅಗೆತದ ಸ್ಥಳಕ್ಕೆ ಪ್ರವೇಶ ಕೊಟ್ಟು, ಕಾಣುವುದನ್ನು ವಿವರಿಸಿ, ಅವರ ಕುತೂಹಲವನ್ನೂ ಧನಸಹಾಯವನ್ನೂ ಗಳಿಸುವ ಪದ್ಧತಿಯನ್ನು ವೀಲರ್ ಅವರು ಅಲ್ಲಿ ಬೆಳೆಸಿದರು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಮುಂದೆ ಪುರಾತತ್ತ್ವ ಅಧ್ಯಯನದ ಒಂದು ಪರಂಪರೆಯನ್ನೇ ಕಟ್ಟಿದ ಹಸಮುಖ ಸಾಂಕಳಿಯಾ ಅವರು ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಕ್ಷೇತ್ರಕಾರ್ಯದ ಅನುಭವ ಪಡೆದುದು ಇಲ್ಲಿಯೇ.

ವೀಲರ್ ಅವರ ವಿಧಾನವೆಂದರೆ ಏನೆಂಬುದನ್ನು ಇಲ್ಲಿ ವಿವರವಾಗಿ ತಿಳಿಯುವುದು ಅಗತ್ಯ. ಜನವಸತಿಯಿದ್ದ ಯಾವುದೇ ಸ್ಥಳದಲ್ಲಿ ಮನೆಗಳು ಕುಸಿದು, ಬೂದಿ, ಕಸ, ಒಡೆದ ಮಡಕೆ, ಇಟ್ಟಿಗೆಯ ಚೂರು ಇವೆಲ್ಲ ಸೇರಿ ಶತಮಾನಗಳ ಕಾಲ ಒಂದರ ಮೇಲೊಂದು ಪದರಗಳು ನಿರ್ಮಾಣವಾಗುತ್ತವೆ. ನೆಲ ಕದಲದಿದ್ದಲ್ಲಿ ಕೆಳಗಿನ ಪದರ ಹಳೆಯದು, ಮೇಲಿನದು ಅನಂತರದ್ದು. ಈ ತತ್ತ್ವವನ್ನು ಆಧರಿಸಿ ಕಾಲಾನುಕ್ರಮವನ್ನು ನಿರ್ಧರಿಸುವ ಶಾಸ್ತ್ರಕ್ಕೆ ಸ್ತರವಿಜ್ಞಾನವೆಂದು ಹೆಸರು. ಆದರೆ ಪದರಗಳು ಸಮತಟ್ಟಾಗಿರುವುದಿಲ್ಲ. ಅವು ಇಳಿಜಾರಾಗಿ ಓಡುತ್ತವೆ, ಒಂದೆಡೆ ದಪ್ಪವಾಗಿ ಇನ್ನೊಂದೆಡೆ ತೆಳುವಾಗುತ್ತವೆ, ಮತ್ತು ಅನಂತರದ ಜನರು ತೋಡಿದ ಗುಂಡಿಗಳಿಂದ ತುಂಡಾಗುತ್ತವೆ. ಉತ್ತರ ಕರ್ನಾಟಕದ ಊರುಗಳಲ್ಲಿ ಧಾನ್ಯವನ್ನು ನೆಲದೊಳಗೆ ಕಾಪಾಡಲು ತೋಡುತ್ತಿದ್ದ ಹಗೇವುಗಳನ್ನು ಬಲ್ಲವರಿಗೆ ಈ ತೊಡಕು ಸುಲಭವಾಗಿ ಅರ್ಥವಾಗುತ್ತದೆ: ನೂರು ವರ್ಷದ ಹಿಂದೆ ತೋಡಿದ ಹಗೇವಿನ ತಳದಲ್ಲಿ ಬಿದ್ದ ನಾಣ್ಯವು, ಅದರ ಪಕ್ಕದ ಮಣ್ಣಿನಲ್ಲಿ ಅದೇ ಆಳದಲ್ಲಿರುವ ಎರಡು ಸಾವಿರ ವರ್ಷ ಹಳೆಯ ಮಡಕೆಗೆ ಸಮಕಾಲೀನವಾಗುವುದಿಲ್ಲ. ಹೀಗಿದ್ದರೂ ವೀಲರ್ ಅವರಿಗೆ ಮುಂಚೆ ಮೊಹೆಂಜೊದಾರೊ ಮತ್ತು ಹರಪ್ಪಗಳ ಅಗೆತಗಳಲ್ಲಿ ವಸ್ತುಗಳನ್ನು ಅವು ದೊರೆತ ಪದರಕ್ಕೆ ಸೇರಿಸಿ ದಾಖಲಿಸದೆ, ಒಂದು ಸ್ಥಿರ ಬಿಂದುವಿನಿಂದ ಅಳೆದ ಆಳಕ್ಕೆ ಸೇರಿಸಿ ದಾಖಲಿಸುವ ರೂಢಿಯಿದ್ದಿತು.

ಇಂಥ ದೋಷವನ್ನು ತಪ್ಪಿಸಲು ವೀಲರ್ ದಂಪತಿಗಳು, ಹತ್ತೊಂಬತ್ತನೆಯ ಶತಮಾನದ ಪಿಟ್ ರಿವರ್ಸ್ ಎಂಬ ಸೇನಾಧಿಕಾರಿ ನಿಖರ ದಾಖಲೆಗೆ ಹಾಕಿಕೊಟ್ಟಿದ್ದ ಮಾದರಿಯನ್ನು ಮುಂದುವರಿಸಿ, ಚೌಕಜಾಲದ ಪದ್ಧತಿಯನ್ನು ರೂಪಿಸಿದರು. ಅಗೆಯುವ ನೆಲವನ್ನು ಸಮಾನ ಚೌಕಗಳಾಗಿ ವಿಂಗಡಿಸಿ, ಎರಡು ಚೌಕಗಳ ನಡುವೆ ಅಗೆಯದೆ ಬಿಟ್ಟ ಮಣ್ಣಿನ ಗೋಡೆಯೊಂದನ್ನು ಉಳಿಸಿಕೊಂಡರೆ, ಚೌಕ ಆಳವಾಗುತ್ತ ಹೋದಂತೆ ಆ ಗೋಡೆಯ ಮೈಯಲ್ಲಿ ಪದರಗಳ ಕ್ರಮ ಸ್ಪಷ್ಟವಾಗಿ ಕಾಣುತ್ತದೆ. ಪ್ರತಿ ಪದರಕ್ಕೂ ಒಂದು ಸಂಖ್ಯೆ ಕೊಟ್ಟು, ಆ ಸಂಖ್ಯೆಯ ಚೀಟಿಯನ್ನು ಗೋಡೆಗೆ ಸಿಕ್ಕಿಸಿ, ಅಲ್ಲಿ ದೊರೆತ ಪ್ರತಿಯೊಂದು ಮಡಕೆಚೂರಿಗೂ ಅದೇ ಸಂಖ್ಯೆಯನ್ನು ಬರೆದು, ಕೊನೆಗೆ ಗೋಡೆಯ ಅಡ್ಡಸೀಳಿಕೆಯ ನಕ್ಷೆಯನ್ನು ಅಳತೆಗೆ ಸರಿಯಾಗಿ ಬರೆಯುವುದು ಈ ಪದ್ಧತಿಯ ತಿರುಳು. ಅಗೆದ ನೆಲವನ್ನು ಮತ್ತೆ ಹಿಂದಿನಂತೆ ಮಾಡಲು ಸಾಧ್ಯವಿಲ್ಲವಾದ್ದರಿಂದ ಉತ್ಖನನವು ಒಂದರ್ಥದಲ್ಲಿ ನಾಶವೇ ಸರಿ. ಆ ನಾಶಕ್ಕೆ ಸಮರ್ಥನೆ ದೊರೆಯುವುದು ಬೇರೊಬ್ಬರು ಪರಿಶೀಲಿಸಬಹುದಾದ ದಾಖಲೆಯಿಂದ ಮಾತ್ರ ಎಂಬುದು ವೀಲರ್ ಅವರ ಬೋಧನೆಯ ಸಾರ.

ಎರಡನೆಯ ಮಹಾಯುದ್ಧದಲ್ಲಿ ಮತ್ತೆ ಸೇನೆ ಸೇರಿದ ಅವರು ಉತ್ತರ ಆಫ್ರಿಕದಲ್ಲಿ ಹೋರಾಡಿ, ಲಿಬಿಯದ ಲೆಪ್ಟಿಸ್ ಮ್ಯಾಗ್ನ ಮುಂತಾದ ರೋಮನ್ ಅವಶೇಷಗಳನ್ನು ಸೈನಿಕರ ಹಾವಳಿಯಿಂದ ರಕ್ಷಿಸಲು ಏರ್ಪಾಡು ಮಾಡಿದರು. 1943ರಲ್ಲಿ ಇಟಲಿಯ ಸಲೆರ್ನೊ ದಾಳಿಗೆ ಸಿದ್ಧತೆ ನಡೆದಿದ್ದಾಗ ಭಾರತದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥಾನ ವಹಿಸಿಕೊಳ್ಳುವಂತೆ ಅವರಿಗೆ ಕರೆ ಬಂದಿತು. ಆ ಇಲಾಖೆ ಆಗ ದುಃಸ್ಥಿತಿಯಲ್ಲಿತ್ತು. ಮೆಸೊಪೊಟೇಮಿಯದ ಊರ್ ನಗರವನ್ನು ಅಗೆದಿದ್ದ ಲಿಯೊನಾರ್ಡ್ ವೂಲಿ ಅವರು ಸರ್ಕಾರದ ಕೋರಿಕೆಯಂತೆ ಇಲಾಖೆಯನ್ನು ಪರಿಶೀಲಿಸಿ 1939ರಲ್ಲಿ ಕೊಟ್ಟ ವರದಿ ಅದರ ಕಾರ್ಯವಿಧಾನವನ್ನೂ ತರಬೇತಿಯ ಕೊರತೆಯನ್ನೂ ಕಟುವಾಗಿ ಟೀಕಿಸಿತ್ತು. 1944ರಲ್ಲಿ ಅಧಿಕಾರ ವಹಿಸಿಕೊಂಡ ವೀಲರ್ ಅವರು ಅದೇ ವರ್ಷ ತಕ್ಷಶಿಲೆಯಲ್ಲಿ ಒಂದು ತರಬೇತಿ ಶಾಲೆಯನ್ನು ತೆರೆದು, ಇಲಾಖೆಯ ನೌಕರರೊಂದಿಗೆ ವಿಶ್ವವಿದ್ಯಾನಿಲಯಗಳ ತರುಣರನ್ನೂ ಸೇರಿಸಿಕೊಂಡು, ಬೆಳಗಿನಿಂದ ಸಂಜೆಯವರೆಗೆ ಅಗೆತ, ಅಳತೆ, ನಕ್ಷೆ, ಛಾಯಾಚಿತ್ರಗ್ರಹಣ ಇವುಗಳನ್ನು ಕೈಯಾರೆ ಮಾಡಿಸಿ ಕಲಿಸಿದರು. ಸೇನಾಧಿಕಾರಿಯ ಗಡಸುತನ ಅವರ ನಡೆನುಡಿಗಳಲ್ಲಿ ಧಾರಾಳವಾಗಿತ್ತು. ತಮಗಿಂತ ಮುಂಚಿನವರ ಕೆಲಸವನ್ನು ಅವರು ಅಳೆದುದರಲ್ಲಿ ಕೆಲವೊಮ್ಮೆ ಅನ್ಯಾಯವೂ ಇತ್ತು. ಆದರೆ ಕಲಿಸುವ ವಿಷಯದಲ್ಲಿ ಅವರು ಏನನ್ನೂ ಬಚ್ಚಿಟ್ಟುಕೊಳ್ಳಲಿಲ್ಲ. ಆ ಪೀಳಿಗೆಯಲ್ಲಿ ತಯಾರಾದ ಬಿ. ಬಿ. ಲಾಲ್ ಮತ್ತು ಬಿ. ಕೆ. ಥಾಪರ್ ಅವರು ರಾಜಸ್ಥಾನದ ಕಾಲಿಬಂಗಾ ಉತ್ಖನನವನ್ನು ನಡೆಸಿದರು; ರಾಯಚೂರು ಜಿಲ್ಲೆಯ ಮಸ್ಕಿಯನ್ನು 1954ರಲ್ಲಿ ಅಗೆದವರು ಇದೇ ಥಾಪರ್ ಅವರು.

ದಕ್ಷಿಣ ಭಾರತದ ಮಟ್ಟಿಗೆ ವೀಲರ್ ಅವರು ಎದುರಿಸಿದ ಮೊದಲ ಪ್ರಶ್ನೆ ಕಾಲಗಣನೆಯದು. ಪದರಗಳಿಂದ ತಿಳಿಯುವುದು ಯಾವುದು ಮೊದಲು, ಯಾವುದು ಅನಂತರ ಎಂಬುದಷ್ಟೆ; ಇದನ್ನು ಸಾಪೇಕ್ಷ ಕಾಲಗಣನೆ ಎನ್ನುತ್ತಾರೆ. ಇಸವಿಗಳಲ್ಲಿ ಹೇಳಬಹುದಾದ ನಿರಪೇಕ್ಷ ಕಾಲಗಣನೆಗೆ, ಕಾಲ ಖಚಿತವಾಗಿ ತಿಳಿದಿರುವ ಒಂದಾದರೂ ವಸ್ತು ಯಾವುದಾದರೂ ಪದರದಲ್ಲಿ ದೊರೆಯಬೇಕು. ಅಂಥ ಆಧಾರವನ್ನು ಅರಸುತ್ತಿದ್ದ ವೀಲರ್ ಅವರಿಗೆ 1944ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯದಲ್ಲಿ ಆಂಫೊರ ಎಂಬ, ಮೆಡಿಟರೇನಿಯನ್ ಪ್ರದೇಶದಲ್ಲಿ ದ್ರಾಕ್ಷಾರಸ ಮತ್ತು ಎಣ್ಣೆ ಸಾಗಿಸಲು ಬಳಸುತ್ತಿದ್ದ ಎರಡು ಹಿಡಿಗಳ ಹೂಜಿಯ ಭಾಗ ಕಂಡಿತು. ಅದು ಬಂದುದು ಆಗ ಫ್ರೆಂಚರ ಆಡಳಿತದಲ್ಲಿದ್ದ ಪುದುಚೇರಿಯ ಸಮೀಪದ ಅರಿಕಮೇಡಿನಿಂದ. 1945ರಲ್ಲಿ ಅಲ್ಲಿ ನಡೆಸಿದ ಉತ್ಖನನದಲ್ಲಿ, ಇಟಲಿಯ ಅರೆಝೊ ಪಟ್ಟಣದ ಹೆಸರಿನಿಂದ ಅರೆಟೈನ್ ಎಂದು ಕರೆಯಲಾಗುವ ಕೆಂಪು ಹೊಳಪಿನ ಮಡಕೆಯ ಚೂರುಗಳು ದೊರೆತವು. ಈ ಮಡಕೆಗಳ ತಯಾರಿಕೆ ಕ್ರಿಸ್ತಶಕ ಒಂದನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ನಿಂತುಹೋಯಿತೆಂದು ತಿಳಿದಿದ್ದರಿಂದ, ಅವುಗಳ ಜೊತೆಗೆ ಅದೇ ಪದರಗಳಲ್ಲಿ ದೊರೆತ ಸ್ಥಳೀಯ ಮಡಕೆಗಳಿಗೂ ಒಂದು ಕಾಲ ನಿಗದಿಯಾಯಿತು. ಅಂಥ ಮಡಕೆಗಳಲ್ಲಿ ಒಳತಳದ ಸುತ್ತ ಸಣ್ಣ ಚುಕ್ಕೆಗಳ ವರ್ತುಲಗಳಿರುವ ಒಂದು ಬಗೆಯ ತಟ್ಟೆ ಮುಖ್ಯವಾದುದು. ಅದು ಬೇರೆಲ್ಲಿ ದೊರೆತರೂ ಆ ಸ್ಥಳದ ಕಾಲವನ್ನು ಊಹಿಸುವುದು ಸಾಧ್ಯವಾಯಿತು.

ಈ ಸೂತ್ರವನ್ನು ಹಿಡಿದು ವೀಲರ್ ಅವರು 1947ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ವಿದ್ವಾಂಸರಿಗೆ ಅಪರಿಚಿತವಾಗಿರಲಿಲ್ಲ: 1892ರಲ್ಲಿ ಬಿ. ಎಲ್. ರೈಸ್ ಅವರು ಅಲ್ಲಿ ಅಶೋಕನ ಶಾಸನವನ್ನು ಪತ್ತೆಹಚ್ಚಿದ್ದರು, ಮತ್ತು ಆ ಶಾಸನದಲ್ಲಿ ಹೆಸರಿಸಿದ ಇಸಿಲ ಪಟ್ಟಣವನ್ನು ಅರಸಿ ಮೈಸೂರು ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಎಂ. ಎಚ್. ಕೃಷ್ಣ ಅವರು 1940ರ ದಶಕದ ಆರಂಭದಲ್ಲಿ ಉತ್ಖನನ ನಡೆಸಿದ್ದರು. ಚಿತ್ರದುರ್ಗಕ್ಕೆ ಹೊಂದಿಕೊಂಡ ಚಂದ್ರವಳ್ಳಿಯನ್ನೂ ಕೃಷ್ಣ ಅವರೇ ಮೊದಲು ಅಗೆದು, ಶಾತವಾಹನರ ಕಾಲದ ನೆಲೆಯನ್ನು ಬೆಳಕಿಗೆ ತಂದಿದ್ದರು. ವೀಲರ್ ಅವರು ಈ ಎರಡು ಸ್ಥಳಗಳನ್ನು ಆರಿಸಿಕೊಂಡುದಕ್ಕೆ ಕೃಷ್ಣ ಅವರ ಈ ಪೂರ್ವಭಾವಿ ಶ್ರಮವೇ ಕಾರಣವೆಂಬುದನ್ನು ಕನ್ನಡಿಗರು ಮರೆಯಬಾರದು.

ಬ್ರಹ್ಮಗಿರಿಯಲ್ಲಿ ಮೂರು ಸಂಸ್ಕೃತಿಗಳು ಒಂದರ ಮೇಲೊಂದು ಬಂದಿರುವುದನ್ನು ವೀಲರ್ ಅವರು ಸ್ಪಷ್ಟಪಡಿಸಿದರು. ಅತ್ಯಂತ ಕೆಳಗೆ, ಉಜ್ಜಿ ನುಣುಪುಗೊಳಿಸಿದ ಕಲ್ಲುಕೊಡಲಿಗಳನ್ನು ಮತ್ತು ಬಹುಮಟ್ಟಿಗೆ ಚಕ್ರವಿಲ್ಲದೆ ಕೈಯಿಂದಲೇ ಮಾಡಿದ ಒರಟು ಮಡಕೆಗಳನ್ನು ಬಳಸುತ್ತಿದ್ದ, ನವಶಿಲಾಯುಗದ ಜನರ ನೆಲೆ. ಅದರ ಮೇಲೆ, ಕಬ್ಬಿಣವನ್ನು ಬಲ್ಲ, ಕಪ್ಪು ಮತ್ತು ಕೆಂಪು ಬಣ್ಣಗಳೆರಡನ್ನೂ ಹೊಂದಿದ ಮಡಕೆಗಳನ್ನು ಬಳಸಿದ, ಸತ್ತವರಿಗಾಗಿ ದೊಡ್ಡ ಕಲ್ಲುಚಪ್ಪಡಿಗಳ ಕೋಣೆಗಳನ್ನೂ ಕಲ್ಲುಗಳ ವರ್ತುಲಗಳನ್ನೂ ನಿರ್ಮಿಸಿದ ಬೃಹತ್ ಶಿಲಾಸಂಸ್ಕೃತಿ. ಹಳ್ಳಿಗರು ಪಾಂಡವರ ಮನೆ, ಮೋರೇರ ಮನೆ ಎಂದು ಕರೆಯುವ ಸಮಾಧಿಗಳು ಈ ಜನರವು. ಎಲ್ಲಕ್ಕಿಂತ ಮೇಲೆ ಶಾತವಾಹನರ ಕಾಲದ ನೆಲೆ, ಮತ್ತು ಅದರಲ್ಲಿ ಅರಿಕಮೇಡಿನಲ್ಲಿ ಕಂಡಿದ್ದ ಅದೇ ಚುಕ್ಕೆವರ್ತುಲದ ತಟ್ಟೆ. ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ದೊರೆತು ಈ ಮೇಲಿನ ಪದರದ ಕಾಲಕ್ಕೆ ಇನ್ನೊಂದು ಸಮರ್ಥನೆ ಒದಗಿತು. ಹೀಗೆ ಇಟಲಿಯ ಒಂದು ಮಡಕೆಯ ಕಾಲವು ಪುದುಚೇರಿಯ ತೀರದ ಮೂಲಕ ಮೊಳಕಾಲ್ಮೂರಿನ ಬೆಟ್ಟದ ತಪ್ಪಲನ್ನು ಮುಟ್ಟಿತು; ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ಪದರಗಳನ್ನು ಆಧರಿಸಿದ ಒಂದು ಗಟ್ಟಿಯಾದ ಅನುಕ್ರಮ ಸಿದ್ಧವಾಯಿತು.

ಈ ಅನುಕ್ರಮಕ್ಕೆ ಇಸವಿಗಳನ್ನು ಹೊಂದಿಸುವಾಗ ವೀಲರ್ ಅವರು ಎಡವಿದರು. ಖಚಿತವಾಗಿ ತಿಳಿದಿದ್ದ ಮೇಲಿನ ಪದರದಿಂದ ಹಿಂದಕ್ಕೆ ಎಣಿಸುತ್ತ ಅವರು ಬೃಹತ್ ಶಿಲಾಸಂಸ್ಕೃತಿಯ ಆಗಮನವನ್ನು ಸುಮಾರು ಕ್ರಿಸ್ತಪೂರ್ವ 200ಕ್ಕೂ, ಕಲ್ಲುಕೊಡಲಿಯ ಜನರ ಆರಂಭವನ್ನು ಕ್ರಿಸ್ತಪೂರ್ವ ಮೊದಲನೆಯ ಸಹಸ್ರಮಾನದ ಆದಿಭಾಗಕ್ಕೂ ನಿಗದಿಮಾಡಿದರು. ಅಶೋಕನ ಕಾಲದವರೆಗೂ ಕನ್ನಡನಾಡಿನ ಈ ಭಾಗದ ಜನ ಕಲ್ಲಿನ ಆಯುಧಗಳಲ್ಲಿಯೇ ಇದ್ದರೆಂದು ಇದರ ಅರ್ಥ. 1949ರಲ್ಲಿ ಅಮೆರಿಕದ ವಿಜ್ಞಾನಿ ವಿಲ್ಲರ್ಡ್ ಲಿಬಿ ಮತ್ತು ಸಂಗಡಿಗರು ರೇಡಿಯೊಕಾರ್ಬನ್ ವಿಧಾನವನ್ನು, ಅಂದರೆ ಸತ್ತ ಜೀವಿಯ ಅವಶೇಷದಲ್ಲಿ ವಿಕಿರಣಶೀಲ ಇಂಗಾಲ ಎಷ್ಟು ಕ್ಷೀಣಿಸಿದೆ ಎಂಬುದರಿಂದ ಕಾಲವನ್ನು ಲೆಕ್ಕಹಾಕುವ ವಿಧಾನವನ್ನು, ಪ್ರಕಟಿಸಿದ ಮೇಲೆ ಚಿತ್ರ ಬದಲಾಯಿತು. ರೇಮಂಡ್ ಆಲ್ಚಿನ್ ಅವರು ತೆಲಂಗಾಣದ ಉಟ್ನೂರಿನ ಬೂದಿದಿಬ್ಬದಲ್ಲಿ ನಡೆಸಿದ ಉತ್ಖನನ ಮತ್ತು ಕರ್ನಾಟಕದ ಹಲವು ನೆಲೆಗಳ ಅಧ್ಯಯನಗಳು ದಕ್ಷಿಣದ ನವಶಿಲಾಯುಗವನ್ನು ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನಕ್ಕೆ ಒಯ್ದವು. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ 1965ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ನಡೆಸಿದ ಉತ್ಖನನದಿಂದ ಕಬ್ಬಿಣದ ಬಳಕೆ ಕ್ರಿಸ್ತಪೂರ್ವ 1000ದ ಆಸುಪಾಸಿನಷ್ಟು ಹಳೆಯದೆಂದು ತಿಳಿದುಬಂದಿತು. ಹೀಗೆ ವೀಲರ್ ಅವರ ಕಾಲನಿರ್ಣಯವನ್ನು ತಿದ್ದಿದವರಲ್ಲಿ ಒಬ್ಬರಾದ ನಾಗರಾಜರಾವ್ ಅವರು ಮುಂದೆ, 1980ರ ದಶಕದಲ್ಲಿ, ವೀಲರ್ ಅವರು ಕುಳಿತಿದ್ದ ಮಹಾನಿರ್ದೇಶಕರ ಸ್ಥಾನವನ್ನೇ ಅಲಂಕರಿಸಿದರು.

ಇಸವಿಗಳು ಇಷ್ಟು ಹಿಂದೆ ಸರಿದರೂ ಕಲ್ಲುಕೊಡಲಿಯ ಜನ ಮೊದಲು, ಬೃಹತ್ ಶಿಲೆಗಳ ಜನ ಅನಂತರ, ಶಾತವಾಹನರ ಕಾಲ ಅದರ ಮೇಲೆ ಎಂಬ ಮೂಲ ಕ್ರಮ ಅಲುಗಲಿಲ್ಲ. ವೀಲರ್ ಅವರು ಕಂಡುದನ್ನು ಊಹಿಸಿದುದರಿಂದ ಬೇರ್ಪಡಿಸಿ ದಾಖಲಿಸಿದ್ದರಿಂದಲೇ ಇದು ಸಾಧ್ಯವಾಯಿತು. ದಾಖಲೆಗೆ ತಕ್ಕ ವೇಗದ ಪ್ರಕಟಣೆಯೂ ಇತ್ತು: 1946ರಲ್ಲಿ ಅವರು ಆರಂಭಿಸಿದ ‘ಏನ್ಷಂಟ್ ಇಂಡಿಯಾ’ ಎಂಬ ಇಲಾಖೆಯ ಪತ್ರಿಕೆಯ ಎರಡನೆಯ ಸಂಚಿಕೆಯಲ್ಲಿ ಅರಿಕಮೇಡಿನ, ಮೂರನೆಯದರಲ್ಲಿ ಹರಪ್ಪದ, ನಾಲ್ಕನೆಯದರಲ್ಲಿ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳ ಪೂರ್ಣ ವರದಿಗಳು ನಕ್ಷೆಗಳೊಡನೆ ಅಚ್ಚಾದವು.

ಇದಕ್ಕೆ ವಿರುದ್ಧವಾದ ಪಾಠವನ್ನು ಕಲಿಸುವುದು ಸಿಂಧೂ ನಾಗರಿಕತೆಯ ಅಂತ್ಯದ ಬಗೆಗೆ ಅವರು ಮಂಡಿಸಿದ ವಾದ. 1946ರಲ್ಲಿ ಹರಪ್ಪದ ಕೋಟೆಗೋಡೆಯನ್ನು ಅಗೆದು ತೋರಿಸಿದ ವೀಲರ್ ಅವರು, ಋಗ್ವೇದದಲ್ಲಿ ಇಂದ್ರನಿಗಿರುವ ಪುರಂದರ, ಅಂದರೆ ಕೋಟೆಗಳನ್ನು ಭೇದಿಸುವವನು, ಎಂಬ ಬಿರುದನ್ನೂ, ಮೊಹೆಂಜೊದಾರೊದಲ್ಲಿ ಹಿಂದಿನವರಿಗೆ ದೊರೆತಿದ್ದ ಅಸ್ಥಿಪಂಜರಗಳನ್ನೂ ಒಟ್ಟುಗೂಡಿಸಿ, ಆರ್ಯರ ಆಕ್ರಮಣದಿಂದ ಆ ನಗರಗಳು ನಾಶವಾದವೆಂದು ಹೇಳಿದರು. ಆದರೆ ಆ ಅಸ್ಥಿಪಂಜರಗಳೆಲ್ಲ ಒಂದೇ ಪದರಕ್ಕೆ ಸೇರಿದವುಗಳಲ್ಲವೆಂದೂ, ಯುದ್ಧ ನಡೆದುದಕ್ಕೆ ಬೇರೆ ಕುರುಹುಗಳಿಲ್ಲವೆಂದೂ ಜಾರ್ಜ್ ಡೇಲ್ಸ್ ಅವರು 1964ರಲ್ಲಿ ತೋರಿಸಿಕೊಟ್ಟ ಮೇಲೆ ಆ ವಾದ ವಿದ್ವತ್‌ಲೋಕದಲ್ಲಿ ಬಲ ಕಳೆದುಕೊಂಡಿತು. ತಾವು ಅಗೆಯದ, ಪದರಗಳ ಲೆಕ್ಕವಿಲ್ಲದೆ ಅಗೆಯಲಾಗಿದ್ದ ಸಾಮಗ್ರಿಯನ್ನು ನಂಬಿ ಅವರು ಈ ನಿರ್ಣಯಕ್ಕೆ ಬಂದಿದ್ದರು. ತಮ್ಮದೇ ಶಿಸ್ತಿನಿಂದ ಹೊರಗೆ ಕಾಲಿಟ್ಟ ಕಡೆಯಲ್ಲಿ ಅವರ ತಪ್ಪು ಅತ್ಯಂತ ದೊಡ್ಡದಾಯಿತು.

1948ರಲ್ಲಿ ಭಾರತದ ಸೇವೆಯಿಂದ ನಿವೃತ್ತರಾದ ವೀಲರ್ ಅವರು 1950ರಲ್ಲಿ ಮೊಹೆಂಜೊದಾರೊದಲ್ಲಿಯೂ 1958ರಲ್ಲಿ ಪೆಷಾವರದ ಸಮೀಪದ ಚಾರ್ಸದ್ದದಲ್ಲಿಯೂ ಉತ್ಖನನ ನಡೆಸಿದರು. 1949ರಿಂದ 1968ರವರೆಗೆ ಬ್ರಿಟಿಷ್ ಅಕಾಡೆಮಿಯ ಕಾರ್ಯದರ್ಶಿಯಾಗಿ ಮಾನವಿಕ ಶಾಸ್ತ್ರಗಳ ಸಂಶೋಧನೆಗೆ ನೆರವು ದೊರಕಿಸಿದರು. 1952ರಲ್ಲಿ ಸರ್ ಪದವಿಯನ್ನು ಪಡೆದರು. 1954ರಲ್ಲಿ ಪ್ರಕಟವಾದ ಉತ್ಖನನ ವಿಧಾನವನ್ನು ಕುರಿತ ಅವರ ಗ್ರಂಥ ಹಲವು ದೇಶಗಳ ವಿದ್ಯಾರ್ಥಿಗಳಿಗೆ ಪಠ್ಯವಾಯಿತು. ಬಾನುಲಿ ಮತ್ತು ದೂರದರ್ಶನಗಳಲ್ಲಿ ಅವರು ನೀಡಿದ ಕಾರ್ಯಕ್ರಮಗಳು ಎಷ್ಟು ಜನಪ್ರಿಯವಾದವೆಂದರೆ ಅದೇ ವರ್ಷ ಬ್ರಿಟನ್ನಿನ ದೂರದರ್ಶನದ ವರ್ಷದ ವ್ಯಕ್ತಿಯಾಗಿ ಅವರು ಆಯ್ಕೆಯಾದರು. ಜನರ ಹಣದಿಂದ ನಡೆಯುವ ಸಂಶೋಧನೆಯ ಫಲ ಜನರಿಗೆ ತಿಳಿಯುವ ಮಾತಿನಲ್ಲಿ ತಲುಪಬೇಕೆಂಬ ಅವರ ದೃಢವಾದ ನಂಬಿಕೆಗೆ ಇದು ಸಾಕ್ಷಿ. 1976ರ ಜುಲೈ 22ರಂದು, ಎಂಬತ್ತೈದನೆಯ ವಯಸ್ಸಿನಲ್ಲಿ, ಅವರು ನಿಧನರಾದರು.

ಅವರ ಚೌಕಜಾಲದ ಪದ್ಧತಿಯೂ ಇಂದು ಎಲ್ಲೆಡೆ ಇದ್ದಂತೆಯೇ ಉಳಿದಿಲ್ಲ. ಮಣ್ಣಿನ ಗೋಡೆಗಳನ್ನು ಉಳಿಸುವುದರಿಂದ ಕಟ್ಟಡಗಳ ವಿಸ್ತಾರ ಒಟ್ಟಾಗಿ ಕಾಣುವುದಿಲ್ಲವೆಂಬ ಕಾರಣದಿಂದ ಹಲವು ದೇಶಗಳಲ್ಲಿ ವಿಶಾಲವಾದ ಬಯಲನ್ನೇ ಒಮ್ಮೆಗೆ ತೆರೆಯುವ ಕ್ರಮ ಬಳಕೆಗೆ ಬಂದಿದೆ. ಆದರೆ ಪ್ರತಿ ವಸ್ತುವನ್ನೂ ಅದರ ಪದರದೊಡನೆ ಗುರುತಿಸಬೇಕು, ಗುರುತಿಸಿದುದನ್ನು ಬರೆದಿಡಬೇಕು, ಬರೆದುದನ್ನು ಪ್ರಕಟಿಸಬೇಕು ಎಂಬ ಮೂರು ನಿಯಮಗಳನ್ನು ಯಾವ ಹೊಸ ಕ್ರಮವೂ ಕೈಬಿಟ್ಟಿಲ್ಲ. ಪ್ರಾಚೀನ ನೆಲೆಗಳು ಊರೂರಿನಲ್ಲಿಯೂ ಹರಡಿಕೊಂಡಿರುವ ಕರ್ನಾಟಕದಂಥ ನಾಡಿಗೆ ಈ ನಿಯಮಗಳ ಮಹತ್ತ್ವ ಇನ್ನೂ ಹೆಚ್ಚು. ಹೊಲ ಸಮಮಾಡುವಾಗ, ಕೆರೆಯ ಹೂಳೆತ್ತುವಾಗ, ಮನೆಗೆ ಪಾಯ ತೋಡುವಾಗ ಬೆಳಕಿಗೆ ಬರುವ ಕಲ್ಲುಕೊಡಲಿಯನ್ನಾಗಲಿ ಮಡಕೆಯನ್ನಾಗಲಿ ಅದಿದ್ದ ಜಾಗದಿಂದ ಕಿತ್ತು ತಂದರೆ ವಸ್ತು ಉಳಿದರೂ ಅದರ ಚರಿತ್ರೆಯ ಬಹುಭಾಗ ಅಳಿಯುತ್ತದೆ. ಅಂಥ ವಸ್ತುವನ್ನು ಕಂಡವರು ಅದನ್ನು ಕದಲಿಸದೆ ಪುರಾತತ್ತ್ವ ಇಲಾಖೆಗೆ ತಿಳಿಸುವುದು, ಅಗೆಯುವ ಹೊಣೆ ಹೊತ್ತ ಸಂಸ್ಥೆಗಳು ಅಗೆದುದರ ವರದಿಯನ್ನು ಬೇಗನೆ ನಾಡಿನ ಮುಂದಿಡುವುದು, ಇವೆರಡೂ ನಡೆದಾಗ ಇಂದಿನವರು ಮಾಡಬಹುದಾದ ತಪ್ಪುಗಳನ್ನು ನಾಳಿನವರು ತಿದ್ದಲು ಬೇಕಾದ ಆಧಾರ ಉಳಿಯುತ್ತದೆ. ಬ್ರಹ್ಮಗಿರಿಯ ವಿಷಯದಲ್ಲಿ ವೀಲರ್ ಅವರು ಮುಂದಿನ ಪೀಳಿಗೆಗೆ ಬಿಟ್ಟುಹೋದುದು ಇಂಥದೇ ಆಧಾರವನ್ನು. ಅವರ ಹಿರಿಮೆ ಇರುವುದೂ ಅದರಲ್ಲಿಯೇ.